ಬೆಳಗಾವಿಗೆಂದು ಹೊರಟ ಗಾಡಿ

ನನ್ನ ಎಂಜಿನ್ನು ಹುಟ್ಟಿದ್ದು ಪುಣೆಯ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ. ಮೈ ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನೊಳಗೆ. ಆ ಶೆಡ್ಡಿನ ಮೇಸ್ತ್ರಿ ಬಾಯಲ್ಲಿ ಬೀಡಿ ಕಚ್ಚಿಕೊಂಡೇ ನನಗೆ ಕಬ್ಬಿಣದ ಪಕ್ಕೆಲುಬು ಜೋಡಿಸಿದ, ತಗಡು ಹೊದಿಸಿದ, ಕಿಟಕಿ ಕೂರಿಸಿದ. ಕೊನೆಗೆ ಬಿಳಿ ಬಣ್ಣ ಬಳಿದು, ನಡುವಿಗೊಂದು ನೀಲಿ ಪಟ್ಟಿ ಎಳೆದು, ಹಿಂದೆ ಸರಿದು ನಿಂತು ನೋಡಿ, "ಹೂಂ, ಮಂದಿ ಕುಂಡ್ರುವಂಗ ಆತು" ಅಂದ.

ಹೌದು, ನಾನು ಮಂದಿ ಕೂರುವ ಗಾಡಿ. ಸರಕು ಸಾಗಿಸುವ ಲಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಒಂದು ದಿನ ನನ್ನೊಳಗೆ ಮನುಷ್ಯರನ್ನು ಸರಕಿನ ಹಾಗೆ ತುಂಬಿ ಕಳಿಸಿದರು. ನನ್ನ ಬದುಕಿನಲ್ಲಿ ಹೇಳಬೇಕಾದದ್ದು ಅದೊಂದೇ. ಉಳಿದದ್ದು ಬರೀ ಓಡಾಟ.

ನನ್ನ ಮೊದಲ ಯಜಮಾನ ಬ್ಯಾಂಡಿನ ದಾವಲಸಾಬ. ಮದುವೆ ಮೆರವಣಿಗೆಗೆ ಬ್ಯಾಂಡು ಬಾರಿಸುವವರನ್ನು ಊರೂರಿಗೆ ಕರೆದೊಯ್ಯುವುದು ನನ್ನ ಕೆಲಸ. ಡೋಲು, ತುತ್ತೂರಿಗಳೆಲ್ಲ ನನ್ನ ತಲೆಯ ಮೇಲೆ, ಕೆಂಪು ಕೋಟಿನ ಮಂದಿ ನನ್ನ ಹೊಟ್ಟೆಯೊಳಗೆ. ಬರುವಾಗ ಅವರೆಲ್ಲ ಊಟ ಭಾರವಾಗಿ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದರು. ಆಮೇಲೆ ಮದುವೆಗಳಿಗೆ ಡಿಜೆ ಬಂತು. ಬ್ಯಾಂಡಿನವರು ಒಬ್ಬೊಬ್ಬರೇ ಬೇರೆ ಕೆಲಸ ಹುಡುಕಿಕೊಂಡರು. ದಾವಲಸಾಬ ನನ್ನನ್ನು ಚೆನ್ನಾಗಿ ತೊಳೆದು, ಟೈರಿಗೂ ಎಣ್ಣೆ ಹಚ್ಚಿ, ಊರ ಹೊರಗಿನ ಗುಡ್ಡದ ಚರ್ಚಿಗೆ ಮಾರಿದ. "ದೇವರ ಮನಿ ಸೇರಿತು, ಚಲೋ ಆತು ಬಿಡು" ಅಂತ ನನ್ನ ಬಾನೆಟ್ಟು ತಟ್ಟಿ ಹೋದ. ಅವನು ಹೇಳಿದ್ದನ್ನು ನಾನೂ ನಂಬಿದೆ.

ಗುಡ್ಡದ ಚರ್ಚು ದೊಡ್ಡದೇನಲ್ಲ. ಕಲ್ಲಿನ ಗೋಡೆ, ಹೆಂಚಿನ ಮಾಡು, ಬದಿಗೊಂದು ಸಭಾಂಗಣ, ಹಿಂದೆ ಸಮಾಧಿಗಳು, ಮುಂದೆ ಒಂದು ಬೇವಿನ ಮರ. ಆ ಮರದ ನೆರಳೇ ನನ್ನ ಮನೆ. ದೇವದಾನ ಎಂಬ ಮಿತಮಾತಿನ ಮನುಷ್ಯ ನನ್ನ ಚಾಲಕ. ಚರ್ಚಿನ ಕಸ ಗುಡಿಸುವುದು, ಗಂಟೆ ಬಾರಿಸುವುದೂ ಅವನದೇ ಕೆಲಸ. ಸಭಾಪಾಲಕರು ಪಾಸ್ಟರ್ ನಥಾನಿಯೇಲ. ಇನ್ನೂ ನಡುಹರೆಯ, ಒಳ್ಳೆಯ ಕಂಠ. ಅವರು ಪ್ರಸಂಗ ಮಾಡುವಾಗ ಕಿಟಕಿಯಿಂದ ಹೊರಗೆ ನನ್ನ ತನಕ ಕೇಳುತ್ತಿತ್ತು.

ಗುಡ್ಡದ ಕೆಳಗೆ ಎರಕದ ಕಾರ್ಖಾನೆಯೊಂದಿತ್ತು. ಕಬ್ಬಿಣ ಕರಗಿಸಿ ಪಂಪಿನ ಭಾಗಗಳನ್ನು ಎರೆಯುತ್ತಿದ್ದರು. ಅದರ ಮಾಲೀಕ ಗಮಲಿಯೇಲ ಸಾಹುಕಾರರು ಇದೇ ಚರ್ಚಿನ ಹಿರಿಯರು, ಸಮಿತಿಯ ಮುಖ್ಯಸ್ಥರು. ಅವರ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ನಿಲ್ಲುವ ಕೆಲಸಕ್ಕೆ ಈ ಕಡೆಯವರು ಯಾರೂ ಬರುತ್ತಿರಲಿಲ್ಲ. ದೂರದ ಜಾರ್ಖಂಡದಿಂದ ಗಂಡಸರು, ಹೆಂಗಸರು ಬಂದಿದ್ದರು. ಕಾರ್ಖಾನೆಯ ಹಿಂದೆ ತಗಡಿನ ಗುಡಿಸಲುಗಳಲ್ಲಿ ಇರುತ್ತಿದ್ದರು. ಅವರೂ ಕ್ರೈಸ್ತರೇ ಎಂಬುದು ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದವರು ಎಸ್ತೇರಮ್ಮ. ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಒಂಟಿ ಹೆಂಗಸು, ಮಾತು ಸ್ವಲ್ಪ ಬಿರುಸು. ಕ್ರಿಸ್ಮಸ್ಸಿನ ದಿನ ಆರಾಧನೆಗೆ ತಡವಾಗಿ ಬಂದವರು ಕಂಪೌಂಡಿನ ಹೊರಗೆ ನಿಂತಿದ್ದ ಗುಂಪನ್ನು ನೋಡಿದರು. ಒಳಗಿನ ಹಾಡು ಕೇಳುತ್ತಾ ಅವರೆಲ್ಲ ತಮ್ಮ ಭಾಷೆಯಲ್ಲಿ ಮೆಲ್ಲಗೆ ಗುನುಗುತ್ತಿದ್ದರು.

"ಯಾಕ ಹೊರಗ ನಿಂತೀರಿ? ಒಳಗ ಬರ್ರಿ."

ಅವರಲ್ಲಿ ಹಿರಿಯನಾದ ಜೂಲಿಯಸ್ ಎಂಬಾತ ತನ್ನ ಬಟ್ಟೆ ತೋರಿಸಿದ. ಕಬ್ಬಿಣದ ಮಸಿ ತೊಳೆದರೂ ಹೋಗಿರಲಿಲ್ಲ.

"ನಾ ಏನ್ ಬಟ್ಟಿ ಕೇಳಿದ್ನೇನು?" ಅಂದು ಎಸ್ತೇರಮ್ಮ ಅವನ ಕೈ ಹಿಡಿದೇ ಒಳಗೆ ಕರೆದೊಯ್ದರು. ಹಿಂದಿನ ಬೆಂಚುಗಳಲ್ಲಿದ್ದವರು ಸ್ವಲ್ಪ ಸರಿದು ಜಾಗ ಕೊಟ್ಟರು. ಕೆಲವರು ಬೇಕಾದದ್ದಕ್ಕಿಂತ ಹೆಚ್ಚೇ ಸರಿದರು.

ಮುಂದಿನ ಭಾನುವಾರ ಪಾಸ್ಟರು ಪರದೇಶಿಗಳ ಬಗ್ಗೆ ಪ್ರಸಂಗ ಮಾಡಿದರು. ಆ ದಿನ ಅವರ ಕಂಠ ನಿಜವಾಗಿಯೂ ನಡುಗುತ್ತಿತ್ತು. "ಇವ್ರು ನಮ್ಮ ಅತಿಥಿಗಳಲ್ಲ, ನಮ್ಮ ಮನಿ ಮಂದಿ. ಇವತ್ತಿನಿಂದ ನಮ್ಮ ಗಾಡಿ ಅವ್ರದೂ ಹೌದು" ಅಂದರು. ಹೊರಗೆ ಬೇವಿನ ಕೆಳಗೆ ನಿಂತಿದ್ದ ನನಗೆ ಹೆಮ್ಮೆಯಾಯಿತು. ನನ್ನ ಮಾತು ಅಷ್ಟು ಜನರ ಮುಂದೆ ಬಂದದ್ದು ಅದೇ ಮೊದಲು.

ಆಮೇಲಿನ ಎರಡು ವರ್ಷ ನಾನು ಚೆನ್ನಾಗಿ ಬದುಕಿದೆ. ಜ್ವರ ಬಂದವರನ್ನು ಎಸ್ತೇರಮ್ಮನ ಜೊತೆ ಆಸ್ಪತ್ರೆಗೆ ಒಯ್ದೆ. ಬಾಣಂತಿಯೊಬ್ಬಳನ್ನು ಕೂಸಿನ ಸಮೇತ ಮನೆಗೆ ತಂದೆ. ಸಭೆಯ ಹೆಂಗಸರು ಒಟ್ಟುಮಾಡಿದ ಕಂಬಳಿ, ಜೋಳ, ಬೇಳೆಗಳನ್ನು ಗುಡಿಸಲುಗಳಿಗೆ ಮುಟ್ಟಿಸಿದೆ. ಮಕ್ಕಳನ್ನು ಶಾಲೆಗೆ ಸೇರಿಸಲು ಎಸ್ತೇರಮ್ಮ ಹೆಡ್ಮಾಸ್ತರರ ಜೊತೆ ಜಗಳಾಡಿ ಗೆದ್ದು ಬಂದಾಗ ಬಾಗಿಲು ಧಡಾರನೆ ಹಾಕಿ ಕೂತದ್ದು ನನ್ನಲ್ಲೇ. ಸಭಾಂಗಣದಲ್ಲಿ ಅವರು ಕನ್ನಡ ಕಲಿಸುತ್ತಿದ್ದರು. ಎಲ್ಲರಿಗಿಂತ ಬೇಗ ಕಲಿತವಳು ಸಿಲ್ವಂತಿ ಎಂಬ ತೆಳ್ಳಗಿನ ಹುಡುಗಿ. ಅವಳ ಗಂಡ ಪತ್ರಸ್ ನಾಚಿಕೆಯ ಸ್ವಭಾವದವನು, ಹೆಂಡತಿ ಕನ್ನಡದಲ್ಲಿ ಏನಾದರೂ ಹೇಳಿದರೆ ನಕ್ಕು ತಲೆ ತಗ್ಗಿಸುತ್ತಿದ್ದ.

"ಅಕ್ಕಾ, ಇವಗ ಮೆಣಸಿನಕಾಯಿ ಅನ್ನಾಕ ಬರೂದಿಲ್ಲ. ಬರೇ 'ಮಣಸಕಾ' ಅಂತಾನ" ಎಂದು ಅವಳು ದೂರು ಹೇಳಿದರೆ, ನನ್ನೊಳಗಿನ ಎಲ್ಲರೂ ಸೇರಿ ಪತ್ರಸ್‌ನ ಬಾಯಿಂದ ಆ ಪದ ಹೇಳಿಸಲು ಹೊರಡುತ್ತಿದ್ದರು. ಮಾತೇ ಆಡದ ದೇವದಾನ ಕೂಡ ಆಗ ಸ್ಟೇರಿಂಗ್ ಹಿಡಿದುಕೊಂಡೇ ನಗುತ್ತಿದ್ದ.

ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಜೂಲಿಯಸ್ ಓಡುತ್ತಾ ಗುಡ್ಡ ಹತ್ತಿ ಬಂದ. ಕರಗಿದ ಕಬ್ಬಿಣದ ತೊಟ್ಟಿಯನ್ನು ಎತ್ತುವ ಸರಪಳಿ ಹರಿದು, ಕೆಳಗಿದ್ದ ಪತ್ರಸ್‌ನ ಮೇಲೆ ಕಾದ ರಸ ಚೆಲ್ಲಿತ್ತು. ಸರಪಳಿ ಸವೆದಿದೆ ಎಂದು ಕೆಲಸಗಾರರು ಹಲವು ಸಲ ಹೇಳಿದ್ದರು. ದೇವದಾನ ನನ್ನನ್ನು ಅಷ್ಟು ಜೋರಾಗಿ ಹಿಂದೆಂದೂ ಓಡಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ಪತ್ರಸ್, ಅವನ ತಲೆ ಸಿಲ್ವಂತಿಯ ತೊಡೆಯ ಮೇಲೆ, ಎಸ್ತೇರಮ್ಮ ಕೆಳಗೆ ಮಂಡಿಯೂರಿ ಒದ್ದೆ ಬಟ್ಟೆ ಹಾಕುತ್ತಿದ್ದರು. ಸುಟ್ಟ ವಾಸನೆ ನನ್ನ ಸೀಟಿನಿಂದ ಬಹಳ ದಿನ ಹೋಗಲಿಲ್ಲ. ಕೆಲವು ದಿನ ಒದ್ದಾಡಿ ಪತ್ರಸ್ ಆಸ್ಪತ್ರೆಯಲ್ಲೇ ತೀರಿಕೊಂಡ.

ಅವನನ್ನು ಗುಡ್ಡದ ಚರ್ಚಿನ ಹಿಂದೆಯೇ ಹೂಳಿದರು. ಗಮಲಿಯೇಲ ಸಾಹುಕಾರರು ತಾವೇ ಮುಂದೆ ನಿಂತು ಎಲ್ಲ ಮಾಡಿಸಿದರು, ಸಿಲ್ವಂತಿಯ ತಲೆ ಮುಟ್ಟಿ ಸಮಾಧಾನ ಹೇಳಿದರು. ಆದರೆ ಮರುದಿನವೇ ಅವರ ಮ್ಯಾನೇಜರು ಬೇರೆ ಮಾತು ಶುರುಮಾಡಿದ. ಪತ್ರಸ್ ಆ ದಿನ ಕೆಲಸದ ಮೇಲೇ ಇರಲಿಲ್ಲವಂತೆ, ಸುಮ್ಮನೆ ನೋಡಲು ಬಂದು ಅಡ್ಡ ಸಿಕ್ಕನಂತೆ. ಅದನ್ನು ಕೇಳಿ ಜಾರ್ಖಂಡದವರೆಲ್ಲ ಕೆಲಸ ನಿಲ್ಲಿಸಿದರು. ಸಿಲ್ವಂತಿಗೆ ಪರಿಹಾರ ಕೊಡಿ, ಸರಪಳಿ ಬದಲಿಸಿ, ಕಾಲಿಗೆ ಸರಿಯಾದ ಬೂಟು ಕೊಡಿ ಎಂದರು. ಸಂಜೆಯೊಳಗೆ ಅವರ ಗುಡಿಸಲುಗಳ ಬಾಗಿಲಿಗೆ ಬೀಗ ಬಿತ್ತು. ಗಂಟು ಮೂಟೆ ಹೊತ್ತು ಎಲ್ಲರೂ ಗುಡ್ಡ ಹತ್ತಿ ಬಂದರು.

ಪಾಸ್ಟರು ಸಭಾಂಗಣದ ಬಾಗಿಲನ್ನು ಕೈಯಾರೆ ತೆರೆದರು. "ನ್ಯಾಯ ಸಿಗೂತನಕ ಇದು ನಿಮ್ಮ ಮನಿ. ನಾ ನಿಮ್ಮ ಜೋಡಿ ಅದೀನಿ" ಅಂದರು. ಸಿಲ್ವಂತಿ ಅವರ ಕಾಲಿಗೆ ಬೀಳಲು ಹೋದಳು. ಅವರು ತಡೆದು, "ಏಳು ತಂಗಿ" ಅಂದರು. ಆ ಮಾತು ಸುಳ್ಳಾಗಿತ್ತು ಎಂದು ನಾನು ಈಗಲೂ ಹೇಳುವುದಿಲ್ಲ. ಹೇಳಿದ ಗಳಿಗೆಯಲ್ಲಿ ಅದು ನಿಜವೇ ಇತ್ತು.

ಆದರೆ ಊರಲ್ಲಿ ಸುದ್ದಿ ಬೇರೆಯೇ ಹಬ್ಬಿತು. ಚರ್ಚಿನಲ್ಲಿ ಪರದೇಶದವರನ್ನು ಬಚ್ಚಿಟ್ಟಿದ್ದಾರೆ, ಅವರ ಹತ್ತಿರ ಕಾಗದಪತ್ರವೇ ಇಲ್ಲ ಎಂದು ಯಾರೋ ಹೇಳಿದರು. ಅವರ ಹತ್ತಿರ ಎಲ್ಲ ಇತ್ತು, ಎಸ್ತೇರಮ್ಮ ಕೇಳಿದವರಿಗೆಲ್ಲ ತೋರಿಸಿಯೂ ಇದ್ದರು. ನೋಡಲು ಬಂದವರಿಗಿಂತ ಕೂಗಲು ಬಂದವರೇ ಹೆಚ್ಚು. ಗೇಟಿನ ಮುಂದೆ ಎರಡು ದಿನ ಗಲಾಟೆಯಾಯಿತು. ಸಭೆಯ ಕೆಲವು ಕುಟುಂಬದವರು ಆರಾಧನೆಗೆ ಬರುವುದನ್ನೇ ಬಿಟ್ಟರು.

ಒಂದು ಸಂಜೆ ಸಾಹುಕಾರರೂ ಪಾಸ್ಟರೂ ನನ್ನ ಹತ್ತಿರ ಬಂದರು. ಸಭಾಂಗಣದ ತುಂಬ ಜನ, ಚರ್ಚಿನೊಳಗೆ ಹೆಂಗಸರ ಪ್ರಾರ್ಥನೆ. ಇಬ್ಬರೂ ನನ್ನೊಳಗೆ ಕೂತು ಬಾಗಿಲು ಎಳೆದುಕೊಂಡರು.

"ಅಯ್ಯಾರ, ನಾಳೆ ಯಾರರ ಒಂದ್ ಕಲ್ಲು ಒಗದ್ರ ಜವಾಬ್ದಾರಿ ಯಾರ್ದು? ನೂರು ವರ್ಷದ ಚರ್ಚು ಇದು" ಅಂದರು ಸಾಹುಕಾರರು.

ಪಾಸ್ಟರು ಕಿಟಕಿಯ ಗಾಜನ್ನೂ ಎಳೆದು ಮುಚ್ಚಿದರು.

"ನಾ ಅವ್ರಿಗೆ ಕೆಟ್ಟದ್ದು ಮಾಡ್ರಿ ಅನ್ನಾಕತ್ತಿಲ್ಲ. ಅವ್ರ ಊರಿಗೇ ಕಳಸೂಣು. ರೈಲಿನ ವ್ಯವಸ್ಥಾ ನಂದು. ಮನಿಗೆ ಹೋಗೂದು ಅನ್ಯಾಯ ಏನ್ರಿ?"

"ಅವ್ರು ಹೋಗಂಗಿಲ್ರಿ. ಕೇಸ್ ಮಾಡ್ತೀವಿ ಅಂತ ಕುಂತಾರ."

"ಕೇಳಿದ್ರ ಹೋಗಂಗಿಲ್ಲ. ಅದಕ್ಕ ಕೇಳೂದು ಬ್ಯಾಡ."

ಮುಂದಿನ ಮಾತನ್ನು ಸಾಹುಕಾರರು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಿದವರು ಪಾಸ್ಟರು.

"ಬೆಳಗಾವಿಯೊಳಗ ಕಾರ್ಮಿಕರ ದೊಡ್ಡ ಸಾಹೇಬ್ರನ್ನ ನೋಡಾಕ ಹೊಂಟೀವಿ ಅಂತ ಹೇಳಿದ್ರ ಗಾಡಿ ಹತ್ತತಾರ. ಆದ್ರ ನಾ ಹೇಳಿದ್ರ ಸಾಲಂಗಿಲ್ಲ. ಎಸ್ತೇರಮ್ಮ ಹೇಳ್ಬೇಕು."

"ಆಕಿಗೆ ಗೊತ್ತಾದ್ರ?"

"ಆಕಿಗೆ ನಾ ಬೆಳಗಾವಿ ಅಂತನ ಹೇಳ್ತೀನಿ."

ನಾನು ಕೇಳಿದೆ. ಪ್ರತಿಯೊಂದು ಮಾತನ್ನೂ ಕೇಳಿದೆ. ನನಗೆ ಹಾರ್ನ್ ಇದೆ, ಬಾಯಿಲ್ಲ. ಬೆಳಗಾಗುವುದರೊಳಗೆ ನನ್ನ ಬ್ಯಾಟರಿ ಸತ್ತುಹೋಗಲಿ ಎಂದು ಆಸೆಪಟ್ಟೆ. ಆದರೆ ದೇವದಾನ ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದ. ಮುಂಜಾನೆ ಕೀಲಿ ತಿರುಗಿಸಿದ ಕೂಡಲೇ ನಾನು ಎದ್ದೆ.

ಹೆಂಗಸರು ತೊಳೆದ ಸೀರೆ ಉಟ್ಟಿದ್ದರು. ದೊಡ್ಡ ಸಾಹೇಬರ ಮುಂದೆ ಹೋಗುವುದಲ್ಲವೇ? ಜೂಲಿಯಸ್ ಮಾತ್ರ ಮೆಟ್ಟಿಲ ಮೇಲೆ ಕಾಲಿಡದೆ ನಿಂತ. "ಗಂಟು ಯಾಕ ತರಬೇಕು ಅಕ್ಕಾ? ಪಾಸ್ಟರು ಗಂಟೂ ತರ್ರಿ ಅಂದಾರ."

ಎಸ್ತೇರಮ್ಮನಿಗೂ ಅದು ಗೊತ್ತಿರಲಿಲ್ಲ. ಆದರೂ ಅವರು, "ಅಲ್ಲೇ ಒಂದೆರಡು ದಿನ ಇರಬೇಕಾಗಬಹುದು, ಅದಕ್ಕ ಅಂದಿರ್ತಾರ. ನಾ ಬರಾಕತ್ತೀನಲ್ಲೋ ತಮ್ಮಾ, ಹತ್ತು" ಅಂದರು. ಅವನು ಹತ್ತಿದ. ಎಲ್ಲರೂ ಹತ್ತಿದರು. ಜಾಗ ಸಾಲದೆ ಕೆಲವರು ನೆಲದ ಮೇಲೆ ಕೂತರು. ಪಾಸ್ಟರು ಬಾಗಿಲ ಹತ್ತಿರ ಬಂದು ಚಿಕ್ಕ ಪ್ರಾರ್ಥನೆ ಮಾಡಿದರು. ಕಣ್ಣು ಮುಚ್ಚಿಯೇ ಇದ್ದರು, ಗಾಡಿ ಹೊರಟ ಮೇಲೂ.

ಗುಡ್ಡ ಇಳಿಯುವಾಗ ಅವರು ತಮ್ಮೂರಿನ ಹಾಡು ಹಾಡಿದರು. ಪತ್ರಸ್ ಹೋದ ಮೇಲೆ ಅವರು ಹಾಡಿದ್ದು ಅದೇ ಮೊದಲು. ಮುಂದಿನ ಸೀಟಿನಲ್ಲಿ ಎಸ್ತೇರಮ್ಮ ತಾಳ ಹಾಕುತ್ತಿದ್ದರು. ಹೆದ್ದಾರಿಗೆ ಬಂದಾಗ ದೇವದಾನ ನನ್ನನ್ನು ಧಾರವಾಡದ ಕಡೆ ತಿರುಗಿಸಲಿಲ್ಲ, ಊರೊಳಗೆ ತಿರುಗಿಸಿದ.

"ದೇವದಾನ, ದಾರಿ ತಪ್ಪಿದಿ ನೋಡು."

ಅವನು ಗೇರು ಬದಲಿಸಿದ.

"ಏ ದೇವದಾನ, ಬೆಳಗಾವಿ ದಾರಿ ಹಿಂದ ಉಳೀತೋ. ಡೀಸೆಲ್ ಹಾಕ್ಸೂದೈತೇನು?"

ಅವನು ಡೀಸೆಲ್ ಬಂಕನ್ನೂ ದಾಟಿ ಮುಂದೆ ಓಡಿಸಿದ. ಎಸ್ತೇರಮ್ಮ ಅವನ ಮುಖ ನೋಡಿದರು. ಅವರ ತಾಳ ನಿಂತಿತು. ಹಿಂದೆ ಹಾಡು ಇನ್ನೂ ನಡೆದಿತ್ತು.

ರೈಲು ನಿಲ್ದಾಣದ ಅಂಗಳದಲ್ಲಿ ಮ್ಯಾನೇಜರೂ ಅವನ ಆಳುಗಳೂ ಕಾದಿದ್ದರು. ನಾನು ನಿಂತ ಕೂಡಲೇ ಬಾಗಿಲು ತೆಗೆದು, "ಇಳೀರಿ, ಬೇಗ ಇಳೀರಿ, ಗಾಡಿ ಬರೂ ಹೊತ್ತಾತು. ಇಲ್ಲೇ ಉಳಿದ್ರ ನಿಮ್ಮ ಮ್ಯಾಲೆ ಕಳವಿನ ಕೇಸ್ ಹಾಕ್ತೀವಿ" ಎಂದು ಗಂಟುಗಳನ್ನು ಎಳೆದು ಹೊರಗೆ ಹಾಕತೊಡಗಿದರು. ಹಾಡು ಅರ್ಧಕ್ಕೇ ನಿಂತಿತು. ಯಾರೂ ಕಿರುಚಲಿಲ್ಲ. ಊರು ಬಿಟ್ಟು ಊರಿಗೆ ಹೋಗಿ ಅಭ್ಯಾಸವಾದವರು ಇಂಥದ್ದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಒಬ್ಬೊಬ್ಬರಾಗಿ ಇಳಿದು ತಮ್ಮ ತಮ್ಮ ಗಂಟು ಹುಡುಕಿಕೊಂಡರು.

ಸಿಲ್ವಂತಿ ಇಳಿಯಲಿಲ್ಲ. ಬಾಗಿಲ ಹಿಡಿಕೆ ಹಿಡಿದು ಕೂತು ಎಸ್ತೇರಮ್ಮನನ್ನು ನೋಡಿದಳು.

"ಅಕ್ಕಾ, ನಿಮಗ ಗೊತ್ತಿತ್ತಾ?"

ಎಲ್ಲರ ಜೊತೆ ಗಟ್ಟಿಯಾಗಿ ಜಗಳಾಡುತ್ತಿದ್ದ ಆ ಹೆಂಗಸು ಇಲ್ಲವೆಂದು ಬರೀ ತಲೆ ಅಲ್ಲಾಡಿಸಿದರು.

ಜೂಲಿಯಸ್ ಗಂಟನ್ನು ಹೆಗಲಿಗೇರಿಸಿ ಅವರ ಮುಂದೆ ಬಂದು ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕಾ, ಸಾಹುಕಾರ್ರು ನಮಗ ಎಂದೂ ತಮ್ಮಾ ಅಂದಿಲ್ಲ. ನೀವು ಅಂದ್ರಿ" ಅಂದ. ಅಷ್ಟು ಹೇಳಿ ನಿಲ್ದಾಣದೊಳಗೆ ನಡೆದುಹೋದ. ತಿರುಗಿ ನೋಡಲಿಲ್ಲ.

ಆಳುಗಳು ಸಿಲ್ವಂತಿಯ ಕೈ ಬಿಡಿಸಲು ಬಂದರು. ಆಗ ಎಸ್ತೇರಮ್ಮನಿಗೆ ದನಿ ಬಂತು. ನನ್ನ ಬಾಗಿಲಿಗೆ ಅಡ್ಡ ನಿಂತು, "ಈಕಿನ್ನ ಮುಟ್ಟಿದ್ರ ನನ್ನ ಹೆಣಾ ಬೀಳತೈತಿ ಇಲ್ಲೇ" ಎಂದು ಕೂಗಿದರು. ಅಲ್ಲಿದ್ದ ಆಟೋದವರೆಲ್ಲ ಓಡಿ ಬಂದರು. "ಏನ್ ನಡಸೀರಿ ಹೆಣ್ಮಕ್ಕಳ ಮ್ಯಾಲೆ?" ಎಂದು ಒಬ್ಬ ಮ್ಯಾನೇಜರನ ಅಂಗಿ ಹಿಡಿದ. ಆಳುಗಳು ಹಿಂದೆ ಸರಿದರು. ಅಷ್ಟರಲ್ಲಿ ರೈಲು ಬಂತು, ಹೋಯಿತು. ಉಳಿದವರೆಲ್ಲ ಹೋದರು. ಸಿಲ್ವಂತಿಯೊಬ್ಬಳು ಉಳಿದಳು.

"ಕುಂಡ್ರಿ ಅಕ್ಕಾರ, ಮನಿಗೆ ಬಿಡ್ತೀನಿ" ಅಂದ ದೇವದಾನ, ನೆಲ ನೋಡುತ್ತಾ.

"ನಿನ್ನ ಗಾಡ್ಯಾಗ ನನ್ನ ಹೆಣಾನೂ ಏರೂದಿಲ್ಲ" ಅಂದರು ಎಸ್ತೇರಮ್ಮ. ಸಿಲ್ವಂತಿಯ ಕೈ ಹಿಡಿದು ಒಂದು ಆಟೋ ಹತ್ತಿ ಹೋದರು. ನಾನು ಖಾಲಿಯಾಗಿ ಗುಡ್ಡ ಹತ್ತಿದೆ. ನೆಲದ ಮೇಲೆ ಯಾರದೋ ಒಂದು ಚಪ್ಪಲಿ ಉಳಿದಿತ್ತು.

ಭಾನುವಾರ ಆರಾಧನೆಯ ನಡುವೆ ಎಸ್ತೇರಮ್ಮ ಎದ್ದು ನಿಂತರು. ಕಿಟಕಿ ತೆರೆದಿತ್ತು, ನನಗೆ ಎಲ್ಲ ಕೇಳುತ್ತಿತ್ತು.

"ಅಯ್ಯಾರ, ನನ್ನ ಬಾಯಿಲೆ ಯಾಕ ಸುಳ್ಳು ಹೇಳಿಸಿದ್ರಿ?"

"ಸಭೆಯ ಒಳಿತಿಗೆ ಮಾಡೀನಿ ಎಸ್ತೇರಮ್ಮಾ. ನೂರಾರು ಮಂದಿ ಕ್ಷೇಮ ನೋಡ್ಬೇಕಾಗ್ತದ."

"ಅವ್ರೂ ಸಭಾನ ಅಂತ ನೀವ ಹೇಳಿದ್ರಿ. ನಾ ಆ ಮಾತು ನಂಬಿ ಅವ್ರನ್ನ ಗಾಡಿ ಹತ್ತಿಸಿದೆ."

ಪಾಸ್ಟರು ಮುಂದಿನ ಹಾಡಿನ ಸಂಖ್ಯೆ ಹೇಳಿದರು. ಎಸ್ತೇರಮ್ಮ ಹೊರಗೆ ನಡೆದರು. ಅವರ ಹಿಂದೆ ಹಾಡಿನ ತಂಡದ ಇಬ್ಬರು ಹೆಂಗಸರು ಎದ್ದು ಬಂದರು. ಸರಪಳಿ ಹರಿದ ದಿನ ಬೆಳಿಗ್ಗೆ ಪತ್ರಸ್ ಕೆಲಸದ ಬಟ್ಟೆಯಲ್ಲಿ ಕಾರ್ಖಾನೆಯೊಳಗೆ ಹೋದದ್ದನ್ನು ಅವರು ಕಂಡಿದ್ದರು. ಉಳಿದ ಸಭೆ ಎದ್ದು ನಿಂತು ಹಾಡಿತು. ಆ ದಿನ ನೂರು ಕಂಠಗಳಲ್ಲಿ ಕೇಳಿದ ಹಾಡನ್ನು ನಾನು ಎಷ್ಟು ಪ್ರಯತ್ನಿಸಿದರೂ ಮರೆಯಲಾರೆ.

ಆಮೇಲೆ ಎಸ್ತೇರಮ್ಮ, ಸಿಲ್ವಂತಿ, ಆ ಇಬ್ಬರು ಹೆಂಗಸರು ನಾಲ್ವರೂ ಬಸ್ಸು ಹಿಡಿದು ಕಾರ್ಮಿಕರ ಕಚೇರಿಗೆ ಅಲೆಯುವುದನ್ನು ರಸ್ತೆಯಲ್ಲಿ ಕಾಣುತ್ತಿದ್ದೆ. ಒಮ್ಮೆ ಎಸ್ತೇರಮ್ಮ ಬೇವಿನ ಮರದ ತನಕ ಬಂದು ದೇವದಾನನನ್ನು ಕೇಳಿದರು. "ಪತ್ರಸನ್ನ ಕಾರ್ಖಾನಿಯೊಳಗಿಂದ ಎತ್ತಿ ತಂದಾಂವ ನೀನ. ಅಷ್ಟು ಬಂದು ಹೇಳು ಸಾಕು."

"ನನಗೂ ಮನಿ ಐತ್ರಿ, ಅಕ್ಕಾರ" ಅಂದ ಅವನು. ಅವರು ಮತ್ತೆ ಕೇಳಲಿಲ್ಲ.

ಪತ್ರಸ್ ತೀರಿ ವರ್ಷ ತುಂಬಿದ ದಿನ ಸಿಲ್ವಂತಿ ಬಂದಳು. ಮುಂದಿನ ಗೇಟಿನಿಂದಲ್ಲ, ಹಿಂದೆ ಸಮಾಧಿಗಳ ಕಡೆಯ ಸಣ್ಣ ಬಾಗಿಲಿನಿಂದ. ಪತ್ರಸ್‌ನ ಮಣ್ಣಿನ ಮೇಲೆ ಬೆಳೆದ ಹುಲ್ಲು ಕಿತ್ತಳು, ಹೂವಿಟ್ಟಳು. ಪಾಸ್ಟರು ಮನೆಯಿಂದ ಹೊರಬಂದು ಸ್ವಲ್ಪ ದೂರದಲ್ಲಿ ನಿಂತರು. "ತಂಗಿ, ಒಳಗ ಬಾ. ಪ್ರಾರ್ಥನಾ ಮಾಡೂಣು" ಅಂದರು. ಅವಳು ಸೆರಗು ಕೊಡವಿ ಎದ್ದು, ಬಂದ ದಾರಿಯಲ್ಲೇ ಹೋದಳು. ಗಂಡನಿಗಾಗಿ ಆ ಅಂಗಳಕ್ಕೆ ಅವಳು ಬರಲೇಬೇಕಿತ್ತು. ಅದಕ್ಕಿಂತ ಹೆಚ್ಚಿಗೆ ಅವಳು ಅವರಿಗೆ ಏನನ್ನೂ ಕೊಡಲಿಲ್ಲ.

ಆ ವರ್ಷದ ಕೊನೆಗೆ ಗಮಲಿಯೇಲ ಸಾಹುಕಾರರು ಚರ್ಚಿಗೆ ಹೊಸ ವ್ಯಾನು ಕಾಣಿಕೆ ಕೊಟ್ಟರು. ರಿಬ್ಬನ್ ಕಟ್ಟಿ, ಪ್ರಾರ್ಥನೆ ಮಾಡಿ ಅದನ್ನು ಬೇವಿನ ಕೆಳಗೆ ನಿಲ್ಲಿಸಿದರು. ನನ್ನನ್ನು ಕಟ್ಟಡಗಳ ಸೆಂಟ್ರಿಂಗ್ ಕೆಲಸದ ಗುತ್ತಿಗೆದಾರನೊಬ್ಬ ಕೊಂಡ. ಸೀಟುಗಳನ್ನು ಕಿತ್ತೆಸೆದು ಕಬ್ಬಿಣದ ತಗಡು, ಮರದ ಹಲಗೆ ತುಂಬಿದ. ನನಗೆ ಬೇಸರವಾಗಲಿಲ್ಲ. ಹಲಗೆಗಳು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳುವುದಿಲ್ಲ. ಹಲವು ವರ್ಷ ದುಡಿದ ಮೇಲೆ ಎಂಜಿನ್ನು ಕೆಟ್ಟು, ಈ ಗುಜರಿ ಅಂಗಡಿಯ ಹಿತ್ತಿಲಿಗೆ ಬಂದು ಬಿದ್ದೆ. ಈಗ ನನಗೆ ಚಕ್ರಗಳಿಲ್ಲ. ಇಟ್ಟಿಗೆಯ ಮೇಲೆ ಕೂತಿದ್ದೇನೆ. ಒಂದು ನಾಯಿ ನನ್ನೊಳಗೆ ಮರಿ ಹಾಕಿದೆ.

ಮೊನ್ನೆ ದೇವದಾನ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಹೊಸ ವ್ಯಾನಿನ ಕನ್ನಡಿ ಒಡೆದಿತ್ತು, ಹಳೆಯದು ಸಿಗುತ್ತದೆಯೇ ಎಂದು ನೋಡಲು ಬಂದವನು ನೀಲಿ ಪಟ್ಟಿಯಿಂದ ನನ್ನ ಗುರುತು ಹಿಡಿದ. ಗುಜರಿಯ ಬಾಷಾಸಾಬ ಚಹಾ ತರಿಸಿದ. ನನ್ನ ಮೆಟ್ಟಿಲ ಮೇಲೆ ಕೂತು ದೇವದಾನ ಅಷ್ಟು ವರ್ಷದ ಮಾತು ಒಮ್ಮೆಗೇ ಆಡಿದ.

ಸಿಲ್ವಂತಿ ಕೊನೆಗೂ ಕೇಸು ಗೆದ್ದಳಂತೆ. ಆ ಇಬ್ಬರು ಹೆಂಗಸರ ಸಾಕ್ಷಿಯೇ ಅವಳ ಕೈ ಹಿಡಿಯಿತಂತೆ. ಈಗ ಒಂದು ಆಸ್ಪತ್ರೆಯಲ್ಲಿ ಆಯಾ, ಎಸ್ತೇರಮ್ಮನ ಮನೆಯಲ್ಲೇ ಇರುತ್ತಾಳೆ, ಮುದುಕಿಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಸಂಜೆ ಹೊತ್ತು ಇಬ್ಬರೂ ಮನೆಯಲ್ಲೇ ಪ್ರಾರ್ಥನೆ ಮಾಡುತ್ತಾರೆ. ಗುಡ್ಡದ ಚರ್ಚಿನೊಳಗೆ ಇಬ್ಬರೂ ಮತ್ತೆ ಕಾಲಿಟ್ಟಿಲ್ಲ.

"ಚರ್ಚಿನಾಗ ಈಗ ಹಿಂದಿಯೊಳಗ ಬೋರ್ಡ್ ಹಾಕೀವಿ, ಎಲ್ಲಾರ್ಗೂ ಸ್ವಾಗತ ಅಂತ" ಅಂದ ದೇವದಾನ. "ಕಾರ್ಖಾನಿಗೆ ಹೊಸ ಮಂದಿ ಬಂದಾರ, ಅದ ಸೀಮಿಯವ್ರು. ಪಾಸ್ಟರು ಪ್ರತಿ ಭಾನುವಾರ ಗಾಡಿ ಕಳಸ್ತಾರ. ನಾ ಹೋಗಿ ನಿಂದರ್ತೀನಿ. ಒಬ್ರೂ ಹತ್ತಂಗಿಲ್ಲ."

"ಯಾಕ?" ಅಂದ ಬಾಷಾಸಾಬ.

"ಅವ್ರ ಊರಿಗೆ ಸುದ್ದಿ ಮುಟ್ಟೇತಿ."

ಚಹಾ ಮುಗಿಸಿ ಅವನು ನನ್ನ ಎಡಗಡೆಯ ಕನ್ನಡಿ ಬಿಚ್ಚಿಕೊಂಡ. ಹೋಗುವ ಮುನ್ನ ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಅವನ ಮೇಲೆ ನನಗೆ ಕನಿಕರವಿದೆ. ಆದರೆ ಕ್ಷಮಿಸುವ ಹಕ್ಕು ನನ್ನದಲ್ಲ. ಅದು ರೈಲು ಹತ್ತಿಹೋದವರ ಹತ್ತಿರ ಇದೆ.

ನಾಳೆಯೋ ನಾಡಿದ್ದೋ ಬಾಷಾಸಾಬನ ಮಂದಿ ಗ್ಯಾಸ್ ಕಟರ್ ತಂದು ನನ್ನನ್ನು ತುಂಡು ಮಾಡುತ್ತಾರೆ. ನಾಯಿಮರಿಗಳು ಕಣ್ಣು ಬಿಡಲಿ ಎಂದು ಕಾಯುತ್ತಿದ್ದಾರೆ. ನನ್ನ ಬದುಕಿನಲ್ಲಿ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಯಾರೂ ನನ್ನನ್ನು ಕೇಳಲಿಲ್ಲ, ನನಗೆ ಹೇಳಲೂ ಇಲ್ಲ. ನಾನು ಗಾಡಿ, ನನಗೆ ಹೇಳಬೇಕಾಗಿಯೂ ಇರಲಿಲ್ಲ. ಹತ್ತಿದವರಿಗೆ ಹೇಳಬೇಕಿತ್ತು.